ಮಂಜಿಗೊಂದು ದೀಪ

ಕಳೆದ ಯುಗಾದಿ ಕಾರ್ಯಕ್ರಮದ ದಿನ ಬಿಸಿಬೇಳೆ ಬಾತಿನ ಸಾಲಿನಲ್ಲಿ ನಿಂತಿದ್ದಾಗ, ನಮ್ಮ ಹಿರಿಯ ಮಗ ಒಂದು ಪ್ರಶ್ನೆ ಕೇಳಿದ. ಅವನು ಹೊಸದಾಗಿ ಕಾರು ಕೊಳ್ಳುವವನಿದ್ದ. ಅವನಿಗೆ ಹಿಡಿಸಿದ ಮಾದರಿಯಲ್ಲಿ ಮುಂದಿನ ಫಾಗ್ ಲ್ಯಾಂಪ್ ಇರಲಿಲ್ಲ. ಹೆಚ್ಚಿನ ಹಣ ಕೊಟ್ಟರೆ ಕೂಡಿಸಿ ಕೊಡುತ್ತೇವೆ ಎಂದಿದ್ದರಂತೆ. "ಅಪ್ಪ, ಹಾಕಿಸಲೋ ಬೇಡವೋ?" ಎಂಬುದು ಪ್ರಶ್ನೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ವೈದ್ಯರಿಗೆ ರೋಗಿಯ ಪೂರ್ವವೃತ್ತಾಂತ ಕೇಳದೆ ಔಷಧಿ ಬರೆಯುವ ಅಭ್ಯಾಸವಿಲ್ಲವಷ್ಟೆ. ನಾವು ಈ ದೀಪಗಳ ಪೂರ್ವವೃತ್ತಾಂತ ಹುಡುಕುತ್ತ ಹೋದೆವು. ಪಕ್ಕದಲ್ಲಿ ನಿಂತಿದ್ದ ಸಂಪಾದಕರು ಮಾತು ಕೇಳಿಸಿಕೊಂಡು, "ಡಾಕ್ಟ್ರೇ, ಇದನ್ನೇ ಬರೆದುಕೊಡಿ" ಎಂದುಬಿಟ್ಟರು. ಹಾಗೆ ಹುಟ್ಟಿದ್ದು ಈ ಲೇಖನ.

ಫಾಗ್ ಲ್ಯಾಂಪಿಗೆ ಕನ್ನಡದಲ್ಲಿ ಏನೆನ್ನಬೇಕು ಎಂದು ಮನೆಯಲ್ಲಿ ಚರ್ಚೆಯಾಯಿತು. 'ಮಂಜುದೀಪ' ಎಂದು ನಾವು ಸೂಚಿಸಿದೆವು. ಅದು ಎಪ್ಪತ್ತರ ದಶಕದ ಸಿನಿಮಾ ನಾಯಕಿಯ ಹೆಸರಿನಂತಿದೆ ಎಂದು ನಮ್ಮ ಮನೆಯವರು ತಳ್ಳಿಹಾಕಿದರು. ಆದ್ದರಿಂದ ಫಾಗ್ ಲ್ಯಾಂಪ್ ಎಂದೇ ಬರೆಯುತ್ತೇವೆ. ಊರಿನಲ್ಲಿ ಲಾರಿಯವರು ಇದನ್ನು 'ಹಳದಿ ಲೈಟು' ಎನ್ನುತ್ತಿದ್ದರು, ಅದೂ ಸರಿಯೇ.

ನಮಗೆ ಮಂಜಿನ ಮೊದಲ ಪರಿಚಯ ಇಂಗ್ಲೆಂಡಿನಲ್ಲಿ ಆದದ್ದಲ್ಲ, ಚಾರ್ಮಾಡಿ ಘಾಟಿಯಲ್ಲಿ. ಬೆಳ್ತಂಗಡಿಯ ಚಿಕ್ಕಮ್ಮನ ಮನೆಗೆ ಹೋಗುವಾಗ ಬಸ್ಸು ಕೊಟ್ಟಿಗೆಹಾರದಲ್ಲಿ ನಿಲ್ಲುತ್ತಿತ್ತು. ಎಲ್ಲರೂ ನೀರುದೋಸೆ ತಿಂದು, ಕಾಫಿ ಕುಡಿದು, ಮತ್ತೆ ಹತ್ತುವಷ್ಟರಲ್ಲಿ ಕಿಟಕಿಯ ಹೊರಗೆ ಲೋಕವೇ ಇರುತ್ತಿರಲಿಲ್ಲ. ಆಷಾಢದ ಒಂದು ಸಂಜೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಕಂಡಕ್ಟರು ಕೆಳಗಿಳಿದು, ತಲೆಗೆ ಟವೆಲು ಸುತ್ತಿಕೊಂಡು, ಟಾರ್ಚ್ ಹಿಡಿದು ಬಸ್ಸಿನ ಮುಂದೆ ನಡೆದ. ಡ್ರೈವರು ಆ ಬೆಳಕಿನ ಚುಕ್ಕೆಯನ್ನೇ ನೋಡುತ್ತ ತಿರುವಿನಿಂದ ತಿರುವಿಗೆ ಬಸ್ಸು ಇಳಿಸಿದ. ಆಗ ನಮಗೆ ಎಂಟು ವರ್ಷ. ಬಸ್ಸಿಗಿಂತ ಮನುಷ್ಯ ಮುಂದೆ ಹೋಗುವುದು ಬಹಳ ತಮಾಷೆಯಾಗಿ ಕಂಡಿತ್ತು.

ಆದರೆ ಈ ದೇಶದ ಮೋಟಾರು ಇತಿಹಾಸ ಆರಂಭವಾಗುವುದೇ ಹೀಗೆ ಮುಂದೆ ನಡೆಯುವ ಮನುಷ್ಯನಿಂದ. 1865ರ ಕಾಯಿದೆಯ ಪ್ರಕಾರ ರಸ್ತೆಯ ಮೇಲೆ ತಾನೇ ಚಲಿಸುವ ಯಾವುದೇ ಯಂತ್ರದ ಮುಂದೆ 60 ಗಜ ದೂರದಲ್ಲಿ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. ವೇಗ ಹಳ್ಳಿಯಲ್ಲಿ ಗಂಟೆಗೆ 4 ಮೈಲಿ, ಪಟ್ಟಣದಲ್ಲಿ 2 ಮೈಲಿ. 1896ರಲ್ಲಿ ಆ ಕಟ್ಟಳೆ ಹೋಯಿತು. ಅದೇ ನವೆಂಬರಿನಲ್ಲಿ ಕಾರಿನವರು ಸಂಭ್ರಮಿಸಲೆಂದು ಲಂಡನ್ನಿನಿಂದ ಬ್ರೈಟನ್‌ಗೆ ಓಡಿದರು. ಆ ಹಳೆಯ ಕಾರುಗಳ ಮೆರವಣಿಗೆ ಇಂದಿಗೂ ನವೆಂಬರಿನಲ್ಲಿ ನಡೆಯುತ್ತದೆ. ನವೆಂಬರ್ ಎಂದರೆ ನಮಗೆ ರಾಜ್ಯೋತ್ಸವ, ಇವರಿಗೆ ಮಂಜು ಮತ್ತು ಹಳೆಯ ಕಾರು.

ಆ ಕಾಲದ ಕಾರಿಗೆ ಇದ್ದದ್ದು ಎಣ್ಣೆಯ ಲಾಂದ್ರ. ಎತ್ತಿನ ಗಾಡಿಯ ಕೆಳಗೆ ನಮ್ಮವರು ನೇತುಹಾಕುತ್ತಿದ್ದ ಕಂದೀಲಿಗಿಂತ ಅದು ಹೆಚ್ಚೇನೂ ಅಲ್ಲ. ಎದುರಿನವರಿಗೆ ನಾವು ಕಾಣುತ್ತಿದ್ದೆವೇ ಹೊರತು ದಾರಿ ಕಾಣುತ್ತಿರಲಿಲ್ಲ. ಬಳಿಕ ಬಂದದ್ದು ಕಾರ್ಬೈಡ್ ದೀಪ. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ಹನಿಹನಿಯಾಗಿ ನೀರು ಬಿದ್ದರೆ ಅಸಿಟಿಲಿನ್ ಅನಿಲ ಹುಟ್ಟುತ್ತದೆ, ಹಚ್ಚಿದರೆ ಬೆಳ್ಳಗೆ ಉರಿಯುತ್ತದೆ. ಊರ ಜಾತ್ರೆಯಲ್ಲಿ ಅದರ ವಾಸನೆ ಕುಡಿದವರಿಗೆ ವಿವರಣೆ ಬೇಕಿಲ್ಲ. ಮಾವಿನಹಣ್ಣನ್ನು ಕದ್ದು ಹಣ್ಣು ಮಾಡುವ ವ್ಯಾಪಾರಿಗಳು ಬಳಸುವುದೂ ಇದೇ ಕಾರ್ಬೈಡನ್ನೇ. ಭಾರತದಲ್ಲಿ ಅದು ನಿಷಿದ್ಧ, ಆದರೂ ಪ್ರತಿ ಬೇಸಿಗೆಯಲ್ಲಿ ಸುದ್ದಿಯಾಗುತ್ತಲೇ ಇರುತ್ತದೆ. ಕಾರಿಗೆ ಇಂಥ ದೀಪಗಳನ್ನು ಮಾಡಿ ದುಡ್ಡು ಗಳಿಸಿದ ಒಬ್ಬ ಫ್ರೆಂಚ್ ಎಂಜಿನಿಯರ್ ಆ ದುಡ್ಡನ್ನೆಲ್ಲ ವಿಮಾನದ ಹುಚ್ಚಿಗೆ ಸುರಿದ. ಅವನೇ ಲೂಯಿ ಬ್ಲೆರಿಯೊ, 1909ರ ಜುಲೈ 25ರಂದು ಇಂಗ್ಲಿಷ್ ಕಾಲುವೆಯನ್ನು ವಿಮಾನದಲ್ಲಿ ಮೊದಲು ದಾಟಿದವನು. ಕಾಲುವೆ ದಾಟಿದ ಖ್ಯಾತಿಯ ಹಿಂದೆ ಕಾರಿನ ದೀಪದ ದುಡ್ಡು ಇದೆ ಎಂಬುದು ನಮಗೆ ಈಚೆಗೆ ತಿಳಿದ ಸೋಜಿಗ.

1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರು ಮತ್ತು ವಿದ್ಯುತ್ ದೀಪ ಜೊತೆಯಾಗಿ ಬಂದವು. ಅಲ್ಲಿಂದ ಮುಂದೆ ಬೆಳಕಿಗೆ ಬರವಿಲ್ಲ. ತೊಂದರೆ ಶುರುವಾದದ್ದೂ ಅಲ್ಲಿಂದಲೇ. ಸ್ವಚ್ಛ ರಾತ್ರಿಯಲ್ಲಿ ಬೆಳಕು ಹೆಚ್ಚಿದಷ್ಟೂ ಒಳ್ಳೆಯದು, ಮಂಜಿನಲ್ಲಿ ಬೆಳಕು ಹೆಚ್ಚಿದಷ್ಟೂ ಕುರುಡು. ಮಂಜಿನ ಒಂದೊಂದು ಹನಿಯೂ ಒಂದು ಪುಟ್ಟ ಗಾಜಿನ ಗೋಲಿ. ಹೆಡ್‌ಲೈಟಿನ ಬೆಳಕನ್ನು ಅದು ನಾನಾ ದಿಕ್ಕಿಗೆ ಚೆಲ್ಲುತ್ತದೆ, ಅದರಲ್ಲಿ ಒಂದು ಪಾಲು ತಿರುಗಿ ನಮ್ಮ ಕಣ್ಣಿಗೇ ಬರುತ್ತದೆ. ಪೂರ್ಣ ಬೀಮ್ ಹಾಕಿದರೆ ಮುಂದೆ ಸುಣ್ಣ ಬಳಿದ ಗೋಡೆ ಎದ್ದು ನಿಂತಂತಾಗುತ್ತದೆ. ಕಣ್ಣಿನ ಪೊರೆ ಬೆಳೆದ ನಮ್ಮ ವಯಸ್ಸಾದ ರೋಗಿಗಳು ರಾತ್ರಿ ಎದುರಿನ ದೀಪ ಚೆಲ್ಲಿಹೋದಂತೆ ಕಾಣುತ್ತದೆ ಎನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ನೆಂಟಸ್ತಿಕೆಯಿದೆ. ಅಲ್ಲಿ ಚೆದುರಿಸುವ ವಸ್ತು ಕಣ್ಣಿನೊಳಗೆ, ಇಲ್ಲಿ ಕಣ್ಣಿನ ಹೊರಗೆ.

ಇದಕ್ಕೆ ಉಪಾಯ ಹುಡುಕಿದವರು ದೀಪವನ್ನು ಕೆಳಗಿಳಿಸಿದರು. ಬಂಪರಿನ ಹತ್ತಿರ, ರಸ್ತೆಗೆ ಸಮೀಪವಾಗಿ ಒಂದು ದೀಪ. ಅದರ ಬೆಳಕು ಅಗಲವಾಗಿ, ಚಪ್ಪಟೆಯಾಗಿ, ಮೇಲಂಚಿನಲ್ಲಿ ಚಾಕುವಿನಿಂದ ಕತ್ತರಿಸಿದಂತೆ ನಿಲ್ಲುತ್ತದೆ. ಮಂಜು ನೆಲದಿಂದ ಒಂದಡಿ ಮೇಲೆ ತೇಲುತ್ತದೆ, ಅದರ ಕೆಳಗೆ ಬೆಳಕು ನುಸುಳುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಾವೂ ಹಾಗೆಯೇ ತಿಳಿದಿದ್ದೆವು. ನಿಜವಾದ ಕಾರಣ ಬೇರೆ. ಬೆಳಕಿನ ದಾರಿ ಮತ್ತು ನಮ್ಮ ನೋಟದ ದಾರಿ ಒಂದಕ್ಕೊಂದು ದೂರವಿದ್ದಷ್ಟೂ, ಹನಿಗಳಿಂದ ಮರಳಿ ಬರುವ ಬೆಳಕು ಕಣ್ಣಿಗೆ ಕಡಿಮೆ ಬೀಳುತ್ತದೆ. ಈ ದೀಪ ತೋರಿಸುವುದು ದೂರವನ್ನಲ್ಲ. ರಸ್ತೆಯ ಅಂಚು, ಬಿಳಿ ಗೆರೆ, ಕಾಲಬುಡದ ಕೆಲವು ಮಾರು, ಅಷ್ಟೇ. ನಿಧಾನವಾಗಿ ಹೋಗುವವನಿಗಾಗಿ ಹುಟ್ಟಿದ ದೀಪ ಇದು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ನಮ್ಮದೇ ಒಂದು ಕಥೆಯಲ್ಲಿ ಬೇಕಾಗುತ್ತದೆ.

ಇನ್ನು ಹಳದಿಯ ಪ್ರಶ್ನೆ. ಆಕಾಶ ನೀಲಿಯಾಗಿ ಕಾಣುವುದಕ್ಕೆ ನೀಲಿ ಬೆಳಕು ಹೆಚ್ಚು ಚೆದುರುವುದೇ ಕಾರಣ ಎಂದು ರ‍್ಯಾಲೇ ಹೇಳಿದ್ದನ್ನು ಶಾಲೆಯಲ್ಲಿ ಓದಿದ್ದೇವೆ. ಹಾಗಿದ್ದರೆ ನೀಲಿಯನ್ನು ಸೋಸಿ ತೆಗೆದ ಹಳದಿ ದೀಪ ಮಂಜನ್ನು ಹೆಚ್ಚು ಭೇದಿಸಬೇಕಲ್ಲವೇ? ತರ್ಕ ಚೆನ್ನಾಗಿದೆ, ಆದರೆ ಮಂಜಿಗೆ ಅನ್ವಯಿಸುವುದಿಲ್ಲ. ರ‍್ಯಾಲೇ ನಿಯಮ ಬೆಳಕಿನ ಅಲೆಗಿಂತ ಬಹಳ ಚಿಕ್ಕ ಕಣಗಳಿಗೆ, ಗಾಳಿಯ ಅಣುಗಳಿಗೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು. ಅದಕ್ಕೆ ಲೆಕ್ಕ ಹಾಕಿಕೊಟ್ಟವನು ಜರ್ಮನಿಯ ಗುಸ್ತಾವ್ ಮೀ, 1908ರಲ್ಲಿ. ಅಷ್ಟು ದೊಡ್ಡ ಹನಿಗೆ ಕೆಂಪು, ಹಳದಿ, ನೀಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ. ಮಂಜು ಬೆಳ್ಳಗೆ ಕಾಣುವುದೇ ಅದಕ್ಕೆ ಸಾಕ್ಷಿ, ನೀಲಿಯನ್ನಷ್ಟೇ ಚೆದುರಿಸುವಂತಿದ್ದರೆ ಚಾರ್ಮಾಡಿಯ ಮಂಜು ಕೃಷ್ಣವರ್ಣವಾಗಿರುತ್ತಿತ್ತು. ಸಮುದ್ರದ ನೀಲಿಯನ್ನು ಕಂಡು ಬೆಳಕಿನ ಚೆದುರುವಿಕೆಯ ಬೆನ್ನು ಹತ್ತಿದ ಸಿ.ವಿ. ರಾಮನ್ ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿ 1948ರಲ್ಲಿ ತಮ್ಮ ಸಂಸ್ಥೆ ಕಟ್ಟಿದರು. ಹೀಗೆ ನಮ್ಮ ರಾಜಧಾನಿಗೂ ಈ ವಿದ್ಯೆಗೂ ಹಳೆಯ ನಂಟಿದೆ ಎಂದು ಹೆಮ್ಮೆಪಡಲು ಅಡ್ಡಿಯಿಲ್ಲ.

ಹಾಗೆಂದು ಹಳದಿ ಶುದ್ಧ ಮೂಢನಂಬಿಕೆಯೆಂದೂ ಹೇಳಲಾಗದು. ನೀಲಿ ಹೆಚ್ಚಿರುವ ಬೆಳಕು ಕಣ್ಣು ಕುಕ್ಕುವುದು ಹೆಚ್ಚು, ಹಳದಿ ಹಿತವೆನಿಸುತ್ತದೆ. ಫ್ರಾನ್ಸಿನವರು ಇದನ್ನೇ ಹಿಡಿದು 1936ರಲ್ಲಿ ಕಾನೂನು ಮಾಡಿ ಎಲ್ಲ ಕಾರುಗಳ ಹೆಡ್‌ಲೈಟೂ ಹಳದಿಯಾಗಿರಬೇಕೆಂದರು. ಯುರೋಪು ಒಂದಾದ ಮೇಲೆ, 1993ರಲ್ಲಿ ಆ ಕಡ್ಡಾಯ ಹೋಯಿತು. ಅಲ್ಲಿಯವರೆಗೆ ಕಾರಿನಲ್ಲಿ ಫ್ರಾನ್ಸಿಗೆ ರಜೆ ಹೋಗುವ ಬ್ರಿಟಿಷರು ದೀಪದ ಗಾಜಿಗೆ ಹಳದಿ ಬಣ್ಣ ಬಳಿದುಕೊಂಡು ಹಡಗು ಹತ್ತುತ್ತಿದ್ದರು. ನಮ್ಮೂರಿನ ಬಸ್ಸುಗಳಲ್ಲಿ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದದ್ದು ನೆನಪಿರಬೇಕಲ್ಲ? ದೀಪಕ್ಕೆ ಬಣ್ಣ ಬಳಿಯುವುದರಲ್ಲಿ ನಾವೇನೂ ಒಂಟಿಯಲ್ಲ.

ಈಗ ಲಂಡನ್ನಿನ ಕಡೆ ಒಂದು ಸುತ್ತು ಹೋಗಿಬರಬೇಕು. ಇಲ್ಲಿನ ಹಳೆಯ ಮಂಜು ಬರೀ ನೀರಿನದಲ್ಲ, ಕಲ್ಲಿದ್ದಲ ಹೊಗೆ ಬೆರೆತದ್ದು. ಬಟಾಣಿ ಸೂಪು ಎಂದು ಅದಕ್ಕೆ ಅಡ್ಡಹೆಸರು. ನಮ್ಮವರಾಗಿದ್ದರೆ ತೊವ್ವೆ ಎನ್ನುತ್ತಿದ್ದರೋ ಏನೋ. 1952ರ ಡಿಸೆಂಬರ್ 5ರಂದು ಲಂಡನ್ನಿನ ಮೇಲೆ ಕವಿದ ಮಂಜು 9ರವರೆಗೆ ಕದಲಲಿಲ್ಲ. ಗಾಳಿಯಿಲ್ಲ, ಚಳಿ ಬಹಳ, ಮನೆಮನೆಯ ಅಗ್ಗಿಷ್ಟಿಕೆಯಲ್ಲಿ ಕಲ್ಲಿದ್ದಲು. ಬಸ್ಸುಗಳ ಮುಂದೆ ಕಂಡಕ್ಟರುಗಳು ದೀವಟಿಗೆ, ಟಾರ್ಚು ಹಿಡಿದು ನಡೆದರು. 1896ರಲ್ಲಿ ಮನೆಗೆ ಕಳಿಸಿದ್ದ ಮುಂದೆ ನಡೆಯುವ ಮನುಷ್ಯ ಹೀಗೆ ಮರಳಿ ಬಂದ. ಸ್ಯಾಡ್ಲರ್ಸ್ ವೆಲ್ಸ್ ನಾಟ್ಯಗೃಹದೊಳಕ್ಕೇ ಮಂಜು ನುಗ್ಗಿ, ವೇದಿಕೆ ಕಾಣದೆ, ನಡೆಯುತ್ತಿದ್ದ ಸಂಗೀತ ನಾಟಕವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ವೈದ್ಯರಾಗಿ ನಮ್ಮನ್ನು ತಟ್ಟುವ ಸಂಗತಿಯೆಂದರೆ, ಆ ದಿನಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಜನ ಸಾಯುತ್ತಿದ್ದಾರೆಂದು ಊರಿಗೇ ತಿಳಿಯಲಿಲ್ಲ. ಶವಪೆಟ್ಟಿಗೆ ಮಾಡುವವರಿಗೆ, ಹೂವು ಮಾರುವವರಿಗೆ ಮೊದಲು ತಿಳಿಯಿತು. ಆಗಿನ ಅಂದಾಜು 4,000 ಸಾವು. ನಂತರದ ಸಂಶೋಧಕರು ಅದನ್ನು 12,000ದವರೆಗೆ ಏರಿಸಿದ್ದಾರೆ. ಅವರಲ್ಲಿ ಬಹುಪಾಲು ಜನ ರಸ್ತೆಯಲ್ಲಿ ಸತ್ತವರಲ್ಲ, ಹಾಸಿಗೆಯಲ್ಲಿ, ಎದೆ ಕಟ್ಟಿ ಸತ್ತವರು. ಆ ಮಂಜಿಗೆ ಯಾವ ದೀಪವೂ ಮದ್ದಾಗಿರಲಿಲ್ಲ. 1956ರ ಶುದ್ಧ ಗಾಳಿಯ ಕಾಯಿದೆ ಹೊಗೆಯನ್ನೇ ಹಿಡಿಯಿತು, ಮಂಜು ತಾನಾಗಿಯೇ ತೆಳುವಾಯಿತು. ರೋಗಲಕ್ಷಣಕ್ಕೆ ಮಾತ್ರೆ ಕೊಡುವ ಬದಲು ರೋಗಕ್ಕೇ ಚಿಕಿತ್ಸೆ ಕೊಟ್ಟ ಅಪರೂಪದ ಸರಕಾರೀ ಕೆಲಸ.

ಲಂಡನ್ ದೂರವಾಯಿತು, ನಮ್ಮ ಯಾರ್ಕ್‌ಷೈರಿಗೆ ಬರೋಣ. ಮಂಜಿನ ಬಗ್ಗೆ ಬರೆಯುವವರು ಹ್ಯಾಲಿಫ್ಯಾಕ್ಸಿನ ಪರ್ಸಿ ಷಾನನ್ನು ಬಿಟ್ಟರೆ ಅಪಚಾರ. 1890ರಲ್ಲಿ ಹುಟ್ಟಿದ ಇವನು ರಸ್ತೆ ರಿಪೇರಿ ಕೆಲಸದವನು. ರಾತ್ರಿ ಕ್ವೀನ್ಸ್‌ಬರಿಯಿಂದ ಮನೆಗೆ ಇಳಿಯುವಾಗ ಟ್ರ್ಯಾಮಿನ ಹಳಿಗಳ ಮೇಲೆ ಹೆಡ್‌ಲೈಟು ಬಿದ್ದು ಹೊಳೆಯುತ್ತಿದ್ದದ್ದೇ ಅವನಿಗೆ ದಾರಿ ತೋರುತ್ತಿತ್ತಂತೆ, ಹಳಿ ಕಿತ್ತ ಮೇಲೆ ದಾರಿ ತಪ್ಪಿತಂತೆ. ಇನ್ನೊಂದು ಕಥೆಯ ಪ್ರಕಾರ, ಮಂಜಿನ ರಾತ್ರಿಯಲ್ಲಿ ಬೇಲಿಯ ಮೇಲೆ ಕುಳಿತಿದ್ದ ಬೆಕ್ಕಿನ ಕಣ್ಣು ಮಿನುಗಿ ಅವನನ್ನು ಪ್ರಪಾತದಿಂದ ಉಳಿಸಿತು. ಬೆಕ್ಕು ಆ ಕಡೆ ಮುಖ ಮಾಡಿ ಕೂತಿದ್ದರೆ ಅವನು ಪೆನ್ಸಿಲ್ ಕೆತ್ತುವ ಮೆಂಡರ್ ಕಂಡುಹಿಡಿಯುತ್ತಿದ್ದ ಎಂದು ಇಲ್ಲಿ ಒಂದು ಹಳೆಯ ಹಾಸ್ಯವಿದೆ. ಯಾವುದೇ ಆಗಲಿ, 1934ರಲ್ಲಿ ಅವನು ಪೇಟೆಂಟ್ ಪಡೆದ, ಮರುವರ್ಷ ಕಾರ್ಖಾನೆ ಹಾಕಿದ. ರಸ್ತೆಯ ನಡುವೆ ಕಬ್ಬಿಣದ ಗೂಡಿನೊಳಗೆ ರಬ್ಬರಿನ ಮೆತ್ತೆ, ಅದರಲ್ಲಿ ಜೋಡಿ ಗಾಜಿನ ಕಣ್ಣು. ಗಾಲಿ ಮೇಲೆ ಹರಿದಾಗ ಕಣ್ಣು ಒಳಕ್ಕೆ ಕುಗ್ಗುತ್ತದೆ, ಗೂಡಿನಲ್ಲಿ ನಿಂತ ಮಳೆನೀರಿನಿಂದ ರಬ್ಬರು ಗಾಜನ್ನು ಒರೆಸುತ್ತದೆ. ಎವೆ ಮುಚ್ಚಿದಾಗ ಕಣ್ಣೀರು ಕಣ್ಣು ತೊಳೆಯುತ್ತದಲ್ಲ, ಅದೇ ಏರ್ಪಾಡು. ಮೆಡಿಕಲ್ ಕಾಲೇಜಿನ ಮೆಟ್ಟಿಲು ಹತ್ತದ ಮನುಷ್ಯ ಇದನ್ನು ಮಾಡಿದ ಎಂಬುದು ನಮಗೆ ಯಾವಾಗಲೂ ಸಂತೋಷ ಕೊಡುವ ವಿಷಯ.

ಮೊದಮೊದಲು ಯಾರೂ ಇದನ್ನು ಅಷ್ಟಾಗಿ ಮೂಸಲಿಲ್ಲ. ಯುದ್ಧ ಬಂತು, ಊರೆಲ್ಲ ಕತ್ತಲಾಯಿತು, ಕಾರಿನ ದೀಪಗಳಿಗೆ ಮುಸುಕು ಹಾಕಿದರು. 1941ರಲ್ಲಿ ಈ ದೇಶದ ರಸ್ತೆಗಳಲ್ಲಿ 9,169 ಜನ ಸತ್ತರು, ಅಷ್ಟು ಸಾವು ಆ ಮೊದಲೂ ಇಲ್ಲ, ಆಮೇಲೂ ಇಲ್ಲ. ಈಗ ಕಾರುಗಳು ಎಷ್ಟೋ ಪಟ್ಟು ಹೆಚ್ಚಿದ್ದರೂ ವರ್ಷಕ್ಕೆ ಸುಮಾರು 1,600. ಆ ಕತ್ತಲಲ್ಲಿ ಬೆಕ್ಕಿನ ಕಣ್ಣಿನ ಬೆಲೆ ತಿಳಿಯಿತು. 1965ರಲ್ಲಿ ಷಾಗೆ ಓಬಿಇ ಬಿರುದು ಬಂತು. ದುಡ್ಡು ಬಂದರೂ ಅವನು ಬೆಳೆದ ಮನೆ ಬಿಡಲಿಲ್ಲ, ಮದುವೆಯಾಗಲಿಲ್ಲ, ಕಿಟಕಿಗೆ ಪರದೆ ಹಾಕಿಸಲಿಲ್ಲ. ಹಲವು ಟೀವಿಗಳನ್ನು ಒಟ್ಟಿಗೆ ಹಾಕಿಕೊಂಡು ಕೂರುತ್ತಿದ್ದ, ಒಂದು ರೋಲ್ಸ್ ರಾಯ್ಸ್ ಮಾತ್ರ ಇಟ್ಟುಕೊಂಡ. 1976ರಲ್ಲಿ ತೀರಿಕೊಂಡ.

ಇನ್ನೊಂದು ಸಂಗತಿ ನಮ್ಮ ಸದಸ್ಯರಲ್ಲಿ ಬಹಳ ಜನಕ್ಕೆ ತಿಳಿದಿರಲಾರದು. ಎಂ1 ಹೆದ್ದಾರಿ 1959ರ ನವೆಂಬರ್ 2ರಂದು ತೆರೆದಾಗ ಅದಕ್ಕೆ ವೇಗದ ಮಿತಿಯೇ ಇರಲಿಲ್ಲ. ನಡುವೆ ತಡೆಬೇಲಿಯೂ ಇರಲಿಲ್ಲ. ಯಾರು ಎಷ್ಟು ಬೇಕಾದರೂ ಓಡಿಸಬಹುದಿತ್ತು. 1965ರ ನವೆಂಬರಿನಲ್ಲಿ ಮಂಜು ಮುಸುಕಿ ಹೆದ್ದಾರಿಗಳಲ್ಲಿ ಒಂದರ ಮೇಲೊಂದು ಸರಣಿ ಅಪಘಾತಗಳಾದವು. ಆಗ ಸರಕಾರ ಡಿಸೆಂಬರ್ 22ರಿಂದ ನಾಲ್ಕು ತಿಂಗಳ ಪ್ರಯೋಗವೆಂದು 70 ಮೈಲಿಯ ಮಿತಿ ಹಾಕಿತು. 1967ರಲ್ಲಿ ಅದನ್ನೇ ಕಾಯಂ ಮಾಡಿದರು. ನಮ್ಮಲ್ಲಿ ಹಲವರಿಗೆ ದಂಡದ ಪತ್ರ ತಂದುಕೊಟ್ಟ ಈ 70 ಮೈಲಿ ಮಿತಿ ಮಂಜಿನ ಕೂಸು.

ದೀಪಗಳ ವಿಷಯದಲ್ಲೂ ಅದೇ ಹೊತ್ತಿಗೆ ದೊಡ್ಡ ಬದಲಾವಣೆಯಾಯಿತು. 1962ರಲ್ಲಿ ಯುರೋಪಿನ ಕಾರುಗಳಿಗೆ ಹ್ಯಾಲೊಜನ್ ಬಲ್ಬು ಬಂತು. ಬಲ್ಬಿನೊಳಗೆ ಚೂರು ಅಯೋಡಿನ್. ಗಾಯಕ್ಕೆ ಹಚ್ಚುವ ಟಿಂಕ್ಚರಿನ ಅಯೋಡಿನ್ನೇ. ಕಾದ ತಂತಿಯಿಂದ ಆವಿಯಾದ ಟಂಗ್‌ಸ್ಟನ್ನನ್ನು ಅದು ಹಿಡಿದು ಮತ್ತೆ ತಂತಿಗೇ ತಲುಪಿಸುತ್ತದೆ, ಗಾಜು ಕಪ್ಪಾಗುವುದಿಲ್ಲ. ಬೆಳಕು ಮಾತ್ರ ಹಿಂದಿನದನ್ನು ನಾಚಿಸುವಷ್ಟು. ಬರಿಗೈಯಲ್ಲಿ ಆ ಗಾಜು ಮುಟ್ಟಬಾರದು, ಬೆರಳಿನ ಜಿಡ್ಡು ಅಂಟಿದ ಜಾಗದಲ್ಲಿ ಗಾಜು ಸೀಳುತ್ತದೆ. ನಾವು ಈ ಪಾಠ ಎರಡು ಬಲ್ಬು ಕಳೆದುಕೊಂಡು ಕಲಿತೆವು.

ಆ ಬಲ್ಬುಗಳ ಕಥೆ ಹೇಳಲೇಬೇಕು. 1996ರಲ್ಲಿ ಎಂಬಿಬಿಎಸ್ ಮುಗಿಸಿ ಇಲ್ಲಿ ತರಬೇತಿಗೆ ಬಂದೆವು. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ವಾಸ, ವಾರಕ್ಕೆ ಎರಡು ಮೂರು ರಾತ್ರಿ ಡ್ಯೂಟಿ. ಕೈಯಲ್ಲಿ ಅಷ್ಟಿಷ್ಟು ದುಡ್ಡು ಕೂಡಿದಾಗ ಹತ್ತು ವರ್ಷ ಹಳೆಯ ಒಂದು ಕಾರು ಕೊಂಡೆವು. ಮರು ಚಳಿಗಾಲದಲ್ಲಿ ಬಿಡಿಭಾಗದ ಅಂಗಡಿಯಲ್ಲಿ ಒಂದು ಜೊತೆ ಹಳದಿ ಫಾಗ್ ಲ್ಯಾಂಪ್ ಕಣ್ಣಿಗೆ ಬಿತ್ತು. ಚಾರ್ಮಾಡಿಯ ಲಾರಿಗಳ ನೆನಪು. ಕೊಂಡು ತಂದು, ಭಾನುವಾರವೆಲ್ಲ ನೆಲದ ಮೇಲೆ ಮಲಗಿ, ವೈರು ಎಳೆದು, ಬಲ್ಬು ಮುಟ್ಟಿ ಕೆಡಿಸಿ, ಕೊನೆಗೆ ಉರಿಸಿದೆವು. ಎಷ್ಟು ಚಂದ ಉರಿದವು!

1998ರ ಜನವರಿ. ಪೆನ್ನೈನ್ಸ್ ಬೆಟ್ಟದ ಆಚೆ ಸ್ನೇಹಿತರ ಮನೆಯಲ್ಲಿ ಸಂಕ್ರಾಂತಿಯ ಊಟ ಮುಗಿಸಿ, ಎಳ್ಳುಬೆಲ್ಲದ ಪೊಟ್ಟಣ ಹಿಡಿದು, ಬ್ಲ್ಯಾಕ್‌ಸ್ಟೋನ್ ಎಡ್ಜ್ ಮೇಲೆ ಹಾಯುವ ರಸ್ತೆಯಲ್ಲಿ ಮರಳುತ್ತಿದ್ದೆವು. ನಮ್ಮ ಮನೆಯವರು ನಾಲ್ಕು ತಿಂಗಳ ಗರ್ಭಿಣಿ. ಏರು ಮುಗಿಯುವಷ್ಟರಲ್ಲಿ ಮಂಜು ಕವಿಯಿತು. ಹಳದಿ ದೀಪ ಹಾಕಿದೆವು. ಕಾಲಬುಡದ ರಸ್ತೆ ಬಂಗಾರದ ಜಮಖಾನೆ ಹಾಸಿದಂತೆ ಕಂಡಿತು. ಎಡದ ಗೆರೆ ಸ್ಪಷ್ಟ, ನಡುವೆ ಷಾನ ಕಣ್ಣುಗಳು ಒಂದೊಂದಾಗಿ ಬರುತ್ತಿವೆ. "ನೋಡು, ಹೇಗಿದೆ?" ಎಂದೆವು. "ಸ್ವಲ್ಪ ನಿಧಾನ" ಎಂದರು ಅವರು. ನಿಧಾನವೇ ಹೋಗುತ್ತಿದ್ದೇವೆ ಎಂದು ನಮ್ಮ ಭಾವನೆ. ಮುಳ್ಳು ನೋಡಿದರೆ 40 ಮೈಲಿ.

ಆಗ ಎದುರಿಗೆ, ಬೆಳಕಿನ ಅಂಚಿನಾಚೆ, ಒಂದು ಸಣ್ಣ ಟಾರ್ಚು ಆಡಿತು. ಅದರ ಹಿಂದೆ ಒಬ್ಬ ಮನುಷ್ಯ. ಅವನ ಹಿಂದೆ ರಸ್ತೆಯಲ್ಲಿ ಕೆಟ್ಟು ನಿಂತ ವ್ಯಾನು, ದೀಪವೂ ಆರಿತ್ತು. ಬ್ರೇಕು ತುಳಿದು ಸ್ಟಿಯರಿಂಗ್ ಎಳೆದದ್ದಷ್ಟೇ ಗೊತ್ತು. ಕಾರು ವ್ಯಾನಿನ ಬಲಕ್ಕೆ ಜಾರಿ, ಎದುರಿನ ಹಾದಿಯಲ್ಲಿ ಅಡ್ಡಕ್ಕೆ ನಿಂತಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ, ಅದೊಂದೇ ಪುಣ್ಯ. ಆ ಮನುಷ್ಯನಿಗೂ ನಮ್ಮ ಕನ್ನಡಿಗೂ ನಡುವೆ ಒಂದು ಮೊಳ ಇದ್ದಿರಬೇಕು. ಎಳ್ಳುಬೆಲ್ಲ ಕಾರಿನ ತುಂಬ ಚೆಲ್ಲಿತ್ತು. ನಮ್ಮ ಮನೆಯವರು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದರು, ಮಾತಿಲ್ಲ. ಆತ ನಿಧಾನವಾಗಿ ಬಂದು ಕಿಟಕಿ ತಟ್ಟಿದ. ಬೈಯುತ್ತಾನೆಂದುಕೊಂಡೆವು. ಈ ಸೀಮೆಯವರ ಸ್ವಭಾವ ಬಲ್ಲವರಿಗೆ ಆಶ್ಚರ್ಯವಾಗದು. ನಮ್ಮ ಬಂಪರನ್ನೊಮ್ಮೆ ನೋಡಿ, "ಒಳ್ಳೆಯ ಲೈಟು ಹಾಕಿಸಿದ್ದೀರಿ" ಎಂದನಷ್ಟೆ.

ಆಮೇಲೆ ಹೈವೇ ಕೋಡ್ ತೆಗೆದು ನೋಡಿದೆವು. 40 ಮೈಲಿಯಲ್ಲಿ ಕಾರು ನಿಲ್ಲಲು 36 ಮೀಟರು ಬೇಕು. 70 ಮೈಲಿಯಲ್ಲಿ 96 ಮೀಟರು. ಆ ರಾತ್ರಿ ನಮ್ಮ ಬಂಗಾರದ ಜಮಖಾನೆ ಇದ್ದದ್ದು ಇಪ್ಪತ್ತು ಮೀಟರು ಇದ್ದರೆ ಹೆಚ್ಚು. ದೀಪ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ರಸ್ತೆಯ ಅಂಚು ತೋರಿಸಿತ್ತು. ಅಂಚು ಕಂಡದ್ದಕ್ಕೆ ದಾರಿಯೇ ಕಂಡಿತೆಂದು ನಂಬಿದವರು ನಾವು.

ಅದೇ 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಕಾರ್ಡಿಫ್ ವಿಶ್ವವಿದ್ಯಾನಿಲಯದ ಸ್ನೋಡನ್ ಮತ್ತು ಸಂಗಡಿಗರ ಒಂದು ಪುಟ್ಟ ಪ್ರಬಂಧ ಬಂತು. ಓದಿದಾಗ ಮೈ ಜುಮ್ಮೆಂದಿತು. ಪರದೆಯ ಮೇಲಿನ ಕೃತಕ ರಸ್ತೆಯಲ್ಲಿ ಕಾರು ಓಡಿಸಲು ಹೇಳಿ, ಇಂತಿಷ್ಟು ವೇಗ ಕಾಯ್ದುಕೊಳ್ಳಿ ಎಂದರೆ, ದೃಶ್ಯ ಮಂಜುಮಂಜಾದಷ್ಟೂ ಜನ ಹೆಚ್ಚು ವೇಗವಾಗಿ ಓಡಿಸಿದರು. ಬಿಳುಪು ಕಪ್ಪಿನ ಅಂತರ ಮಸುಕಾದರೆ ಮಿದುಳಿಗೆ ಚಲನೆ ನಿಧಾನವೆನಿಸುತ್ತದೆ ಎಂಬುದು ಅವರ ವಿವರಣೆ. ನಮಗೆ ಸಿಕ್ಕಿದ ಸಮರ್ಥನೆ ಎಂದು ಬಹಳ ವರ್ಷ ಇದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದೆವು. ವಿಜ್ಞಾನ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. 2012ರಲ್ಲಿ ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಪ್ರೆಟ್ಟೊ ಮತ್ತು ಸಂಗಡಿಗರು ಮಂಜನ್ನು ನಿಜದಂತೆ, ಅಂದರೆ ದೂರ ಹೆಚ್ಚಿದಷ್ಟೂ ದಟ್ಟವಾಗುವಂತೆ ಚಿತ್ರಿಸಿ ನೋಡಿದಾಗ ಫಲಿತಾಂಶ ತಿರುಗಿತು, ಜನ ನಿಧಾನ ಮಾಡಿದರು. ಹತ್ತಿರದ್ದು ಸ್ಪಷ್ಟವಾಗಿ, ದೂರದ್ದು ಮಸುಕಾಗಿ ಇದ್ದರೆ ವೇಗ ಹೆಚ್ಚೆನಿಸುತ್ತದಂತೆ. ಹಾಗಾದರೆ ಆ ರಾತ್ರಿ ನಮ್ಮ ಕಣ್ಣು ಮೋಸ ಮಾಡಿರಲಿಲ್ಲ ಎಂದಾಯಿತು. ನಮ್ಮ ಮನೆಯವರಿಗೆ ವೇಗ ಸರಿಯಾಗಿಯೇ ತಿಳಿದಿತ್ತಲ್ಲ.

ಹಿಂದಿನ ಕೆಂಪು ಫಾಗ್ ಲ್ಯಾಂಪಿನ ಇತಿಹಾಸ ಚಿಕ್ಕದು, ಆದರೆ ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಮುಖ್ಯ. 1980ರ ಏಪ್ರಿಲ್ 1ರಿಂದ ರಸ್ತೆಗಿಳಿದ ಪ್ರತಿ ಕಾರಿಗೂ ಅದು ಇಲ್ಲಿ ಕಡ್ಡಾಯ. ಮುಂದಿನದು ಇಂದಿಗೂ ಕಡ್ಡಾಯವಲ್ಲ. ಒಂದೇ ಇದ್ದರೆ ನಡುವೆ ಅಥವಾ ಬಲಗಡೆ ಇರಬೇಕು, ಬ್ರೇಕ್ ದೀಪದಿಂದ ಕನಿಷ್ಠ 10 ಸೆಂಟಿಮೀಟರು ದೂರವಿರಬೇಕು. ಅದರ ಪ್ರಖರತೆ ಬ್ರೇಕ್ ದೀಪವನ್ನು ಸರಿಗಟ್ಟುವುದರಿಂದ, ಮಂಜಿಲ್ಲದಾಗ ಉರಿಸಿದರೆ ಹಿಂದಿನವನಿಗೆ ನಾವು ಬ್ರೇಕು ಹಾಕಿದ್ದೇ ತಿಳಿಯದು. 100 ಮೀಟರಿಗಿಂತ ಕಡಿಮೆ ಕಾಣುವಾಗ ಮಾತ್ರ ಹಾಕಬೇಕು, ತಿಳಿಯಾದೊಡನೆ ಆರಿಸಬೇಕು ಎಂಬ ಕಟ್ಟಳೆ ಅದಕ್ಕೇ. ಬೇಸಿಗೆಯ ಬೆಳದಿಂಗಳಲ್ಲಿ ಇದನ್ನು ಉರಿಸಿಕೊಂಡು ಹೋಗುವವರು ನಮ್ಮ ಸಂಘದಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ.

ಕಡ್ಡಾಯವಾದ ಮಾತ್ರಕ್ಕೆ ದುರಂತ ನಿಲ್ಲಲಿಲ್ಲ. 1984ರ ಡಿಸೆಂಬರ್ 11ರಂದು ಎಂ25ರಲ್ಲಿ ಮಂಜಿನಲ್ಲಿ ಒಂಬತ್ತು ಜನ ಸತ್ತರು. 1991ರ ಮಾರ್ಚ್ 13ರಂದು ಹಂಗರ್‌ಫರ್ಡ್ ಬಳಿ ಎಂ4ರಲ್ಲಿ 51 ವಾಹನಗಳು ಒಂದಕ್ಕೊಂದು ಹೊಕ್ಕು ಹತ್ತು ಜನ ಹೋದರು. 2011ರ ನವೆಂಬರ್ 4ರ ರಾತ್ರಿ ಟಾಂಟನ್ ಬಳಿ ಎಂ5ರಲ್ಲಿ ಏಳು ಜನ. ಅಲ್ಲಿ ಪಕ್ಕದ ಮೈದಾನದಲ್ಲಿ ಪಟಾಕಿ ಪ್ರದರ್ಶನ ನಡೆದಿತ್ತು, ಹೊಗೆಯೇ ಕಾರಣವೆಂದು ವ್ಯವಸ್ಥಾಪಕರ ಮೇಲೆ ಮೊಕದ್ದಮೆ ಹೂಡಿದರೂ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. 2013ರ ಸೆಪ್ಟೆಂಬರ್ 5ರಂದು ಕೆಂಟಿನ ಶೆಪ್ಪಿ ಸೇತುವೆಯ ಮೇಲೆ ನೂರಕ್ಕೂ ಹೆಚ್ಚು ವಾಹನಗಳು ಮಂಜಿನಲ್ಲಿ ಡಿಕ್ಕಿಯಾದವು, ಆದರೆ ಒಬ್ಬರೂ ಸಾಯಲಿಲ್ಲ. ಪತ್ರಿಕೆಗಳು ಪವಾಡವೆಂದವು. ಸೀಟ್ ಬೆಲ್ಟು, ಏರ್ ಬ್ಯಾಗು, ಗಟ್ಟಿ ಕಾರು ಎಂದು ನಾವೆನ್ನುತ್ತೇವೆ.

ಇಷ್ಟನ್ನೂ ಮಗನಿಗೆ ಹೇಳಿದೆವು. ಒಂದು ಮಾತೂ ಆಡದೆ ಕೇಳಿದ. ಹಾಕಿಸುವುದಾದರೆ ಕಾರಿನ ಕಂಪನಿಯವರೇ ಕೂಡಿಸಿದ ಜೊತೆ ಇರಲಿ, ತಾನಾಗಿ ವೈರು ಎಳೆಯುವ ಸಾಹಸ ಬೇಡ, ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ದುಡ್ಡು ಸಾಲದಿದ್ದರೆ ಬಿಡು, ಹಿಂದಿನ ದೀಪದ ಗುಂಡಿ ಎಲ್ಲಿದೆಯೆಂದು ಮೊದಲ ದಿನವೇ ಹುಡುಕಿಕೋ ಎಂದೆವು. ಎಂ62 ಬೆಟ್ಟ ಹತ್ತಿ 372 ಮೀಟರು ಎತ್ತರಕ್ಕೆ ಹೋಗುತ್ತದೆ, ಈ ದೇಶದಲ್ಲಿ ಅಷ್ಟು ಎತ್ತರದ ಹೆದ್ದಾರಿ ಬೇರೆ ಇಲ್ಲ, ಅಲ್ಲಿ ಮಂಜು ಕಂಡರೆ ದೀಪ ಹಾಕುವುದಕ್ಕೆ ಮುಂಚೆ ಕಾಲು ತೆಗೆ ಎಂದೂ ಹೇಳಿದೆವು. "ಆ ರಾತ್ರಿ ನಾನೂ ಕಾರಿನಲ್ಲಿದ್ದೆ ಅಲ್ವಾ?" ಎಂದ. ಅದನ್ನು ಅವನು ಲೆಕ್ಕ ಹಾಕುತ್ತಾನೆಂದು ನಾವು ಎಣಿಸಿರಲಿಲ್ಲ. ಅಡಿಗೆಮನೆಯಿಂದ ನಮ್ಮ ಮನೆಯವರು, "ಹಾಕಿಸ್ಕೋ ಮಗ. ಆದ್ರೆ ಮಂಜಿರೋ ದಿನ ಅಪ್ಪನ ಕೈಗೆ ಕೀ ಕೊಡಬೇಡ" ಎಂದರು.

ಈ ಸಲದ ರಾಜ್ಯೋತ್ಸವಕ್ಕೆ ಬೆಟ್ಟದ ಆಚೆಯಿಂದ ಬರುವ ಕುಟುಂಬಗಳು ಹೆಚ್ಚಿವೆ. ಕಾರ್ಯಕ್ರಮ ಮುಗಿದು ಊಟವಾಗುವಾಗ ಪ್ರತಿ ವರ್ಷ ರಾತ್ರಿ ಹತ್ತಾಗುತ್ತದೆ. ಈ ವರ್ಷ ಊಟ ಸಂಜೆ ಆರಕ್ಕೇ ಬಡಿಸಬೇಕೆಂದು ಸಮಿತಿಯಲ್ಲಿ ಕೇಳಿದೆವು, ಒಪ್ಪಿದ್ದಾರೆ. ನಾಟಕದ ತಂಡದವರು ಮಾತ್ರ ತಮ್ಮ ಕೊನೆಯ ಅಂಕ ಕತ್ತರಿಸಬೇಕಾಗುತ್ತದೆಂದು ಮುನಿಸಿಕೊಂಡಿದ್ದಾರೆ. ಅವರಲ್ಲಿ ಈ ಮೂಲಕ ಕ್ಷಮೆ ಕೇಳುತ್ತೇವೆ.